ಫ್ಯಾಮಿಲಿ ಗ್ರೂಪಿನ ಡಾಕ್ಟ್ರು

ಎರಡನೇ ವರ್ಷದ ಎಂಬಿಬಿಎಸ್ ಓದುವ ನಮ್ಮ ವಿದ್ಯಾರ್ಥಿನಿಯೊಬ್ಬಳು ಹೇಳಿದ ಕಥೆ ಇದು. ಅವರ ಮನೆಯ ವಾಟ್ಸಾಪ್ ಗ್ರೂಪಿಗೆ ಚನ್ನರಾಯಪಟ್ಟಣದ ದೊಡ್ಡಮ್ಮ ಒಂದು ಫಾರ್ವರ್ಡ್ ಹಾಕಿದರು. ‘ಮನೆಯಲ್ಲಿ ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಗಾಬರಿ ಬೇಡ. ಉಸಿರು ಎಳೆದುಕೊಂಡು ಜೋರಾಗಿ ಕೆಮ್ಮುತ್ತಾ ಇರಿ. ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿ.’ ಅದರ ಕೆಳಗೆ ದೊಡ್ಡಮ್ಮನ ಪ್ರಶ್ನೆ: ‘ಪುಟ್ಟಿ, ಇದು ನಿಜಾನಾ?’

ಪುಟ್ಟಿ ಆಗ ಲೈಬ್ರರಿಯಲ್ಲಿದ್ದಳು. ಮಾರನೇ ದಿನ ಫಾರ್ಮಕಾಲಜಿ ಇಂಟರ್ನಲ್ಸ್. ‘ನೋಡಿದೆ’ ಅನ್ನೋ ಅರ್ಥದಲ್ಲಿ ಒಂದು ಹೆಬ್ಬೆರಳು ಒತ್ತಿ, ಫೋನ್ ಬೋರಲು ಹಾಕಿ ಓದಲು ಕೂತಳು. ರಾತ್ರಿ ಹೊತ್ತಿಗೆ ಅದೇ ಮೆಸೇಜು ಇನ್ನೊಂದು ಗ್ರೂಪಿನಿಂದ ಅವಳಿಗೇ ವಾಪಸ್ ಬಂತು. ಈ ಸಲ ಮೇಲೊಂದು ಸಾಲು ಸೇರಿಕೊಂಡಿತ್ತು: ‘ನಮ್ಮ ಮನೆ ಡಾಕ್ಟ್ರು ಓಕೆ ಮಾಡಿದ್ದಾರೆ.’

ಡಾಕ್ಟರ್ ಅಂತ ರಿಜಿಸ್ಟರ್ ಆಗೋಕೆ ಐದೂವರೆ ವರ್ಷ ಬೇಕು. ಫ್ಯಾಮಿಲಿ ಗ್ರೂಪಿನಲ್ಲಿ ಡಾಕ್ಟ್ರಾಗೋಕೆ ಸೀಟು ಅಲಾಟ್ ಆದರೆ ಸಾಕು. ಅವತ್ತಿನಿಂದಲೇ ಶುಗರ್ ರಿಪೋರ್ಟು, ಮಾತ್ರೆ ಶೀಟಿನ ಫೋಟೋ, ‘ಇದನ್ನು ತಗೋಬಹುದಾ?’ ಎಂಬ ಪ್ರಶ್ನೆ ಎಲ್ಲಾ ಬರೋಕೆ ಶುರು. ವೈದ್ಯ ವಿದ್ಯಾರ್ಥಿಗಳಿಗೆ ಡಿಜಿಟಲ್ ಸಾಕ್ಷರತೆ ಕಲಿಸಬೇಕು ಅನ್ನುವಾಗ ಜನ ಸಾಮಾನ್ಯವಾಗಿ ಕಂಪ್ಯೂಟರ್ ಲ್ಯಾಬ್ ನೆನಪು ಮಾಡಿಕೊಳ್ಳುತ್ತಾರೆ. ನನಗೆ ನೆನಪಾಗೋದು ಆ ಹೆಬ್ಬೆರಳು.

ಕಂಪ್ಯೂಟರ್ ಲ್ಯಾಬಿನ ನೆನಪು ಸುಮ್ಮನೆ ಬಂದದ್ದಲ್ಲ. 2019ರಲ್ಲಿ ಹೊಸ ಪಠ್ಯಕ್ರಮ ಬಂದಾಗ ಎಂಬಿಬಿಎಸ್ ಶುರುವಿನಲ್ಲಿ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಇಟ್ಟರು. ಒಟ್ಟು 175 ಗಂಟೆ. ಅದರಲ್ಲಿ 40 ಗಂಟೆ ಭಾಷೆ ಮತ್ತು ಕಂಪ್ಯೂಟರ್ ಕೌಶಲಕ್ಕೆ. ಹೊರ ರಾಜ್ಯದಿಂದ ಬಂದ ಮಕ್ಕಳು ‘ಎಲ್ಲಿ ನೋವು? ಯಾವಾಗಿಂದ?’ ಅಂತ ಕನ್ನಡದಲ್ಲಿ ಕೇಳೋದನ್ನು ಕಲಿತದ್ದು ಇಲ್ಲೇ. ಕಂಪ್ಯೂಟರ್ ಭಾಗ ಮಾತ್ರ ಬಹಳ ಕಡೆ ಪವರ್‌ಪಾಯಿಂಟ್, ಎಕ್ಸೆಲ್ ಮಾಡಿಸುವಲ್ಲಿಗೆ ಮುಗಿಯುತ್ತದೆ. ಅದನ್ನು ಈ ಮಕ್ಕಳು ನಮಗೇ ಹೇಳಿಕೊಡುತ್ತಾರೆ ಬಿಡಿ. ಫೋನ್ ಬಳಸೋಕೆ ಬರುತ್ತೆ ಅಂದ ಮಾತ್ರಕ್ಕೆ ಫೋನಿನಲ್ಲಿ ಬಂದದ್ದನ್ನು ಅಳೆಯೋಕೆ ಬರುತ್ತೆ ಅಂತಲ್ಲ. ಎಡವೋದು ಇಲ್ಲೇ.

ಆ ಕೆಮ್ಮಿನ ಮೆಸೇಜನ್ನೇ ತಗೊಳ್ಳೋಣ. ಕ್ಲಾಸಿನಲ್ಲಿ ನಾನು ಮೊದಲು ಹಾಕೋದೂ ಅದನ್ನೇ. ಅದರ ವಯಸ್ಸು ನಮ್ಮ ವಿದ್ಯಾರ್ಥಿಗಳಿಗಿಂತ ಜಾಸ್ತಿ. 1999ರಲ್ಲೇ ಅಮೆರಿಕದಲ್ಲಿ ಇಮೇಲ್ ಆಗಿ ಓಡಾಡುತ್ತಿತ್ತು, ಅಲ್ಲಿನ ಒಂದು ಆಸ್ಪತ್ರೆಯ ಹೆಸರು ಅಂಟಿಸಿಕೊಂಡು. ಆಮೇಲೆ ಊರೂರು ಸುತ್ತಿ, ಭಾಷೆ ಬದಲಿಸಿ, ಹೋದಲ್ಲೆಲ್ಲ ಅಲ್ಲಲ್ಲಿನ ದೊಡ್ಡ ಡಾಕ್ಟರ ಹೆಸರು ಹಾಕಿಕೊಂಡು ಬದುಕಿದೆ.

ಇದು ಪೂರ್ತಿ ಸುಳ್ಳಾಗಿದ್ದರೆ ಇಷ್ಟು ದಿನ ಬಾಳುತ್ತಿರಲಿಲ್ಲ. ಒಳಗೆ ಒಂದು ಕಾಳು ನಿಜ ಇದೆ. ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಹೃದಯದ ರಕ್ತನಾಳ ಪರೀಕ್ಷಿಸುವ ಕೋಣೆಯಲ್ಲಿ, ಆಂಜಿಯೋಗ್ರಾಂ ಮಾಡುವಾಗ ಒಮ್ಮೊಮ್ಮೆ ಹೃದಯದ ಬಡಿತದ ತಾಳ ಏಕಾಏಕಿ ತಪ್ಪುತ್ತದೆ. ರೋಗಿಗೆ ಇನ್ನೂ ಪ್ರಜ್ಞೆ ಇರುತ್ತದೆ, ಮಾನಿಟರ್ ಕಣ್ಣೆದುರೇ ಇರುತ್ತದೆ. ಆಗ ಡಾಕ್ಟರು ‘ಕೆಮ್ಮಿ, ಜೋರಾಗಿ ಕೆಮ್ಮಿ’ ಅನ್ನುತ್ತಾರೆ. ಕೆಮ್ಮಿದಾಗ ಎದೆಯೊಳಗೆ ಒತ್ತಡ ಏರಿ ಮಿದುಳಿಗೆ ಸ್ವಲ್ಪ ರಕ್ತ ಹೋಗುತ್ತದೆ. ಶಾಕ್ ಕೊಡೋ ಯಂತ್ರ ರೆಡಿಯಾಗುವ ತನಕದ ಕೆಲವು ಸೆಕೆಂಡು ಸಿಗುತ್ತದೆ, ಅಷ್ಟೇ. ಮನೆಯಲ್ಲಿ ಆಗುವ ಹಾರ್ಟ್ ಅಟ್ಯಾಕ್ ಬೇರೆ. ಅಲ್ಲಿ ಹೃದಯ ಸಾಮಾನ್ಯವಾಗಿ ಬಡಿಯುತ್ತಲೇ ಇರುತ್ತದೆ. ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಂಡಿರುತ್ತದೆ. ಎಷ್ಟು ಕೆಮ್ಮಿದರೂ ಆ ಬ್ಲಾಕ್ ಬಿಚ್ಚೋದಿಲ್ಲ. ಬದಲಿಗೆ 108ಕ್ಕೆ ಫೋನ್ ಮಾಡಬೇಕಾದ ಹೊತ್ತು ಕೆಮ್ಮಿನಲ್ಲೇ ಹೋಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಕೂಡ ಜನರಿಗೆ ಇದನ್ನು ಕಲಿಸಬೇಡಿ ಅಂತಲೇ ಹೇಳಿದೆ.

ಈಗ ಪ್ರಶ್ನೆ: ಎರಡನೇ ವರ್ಷದ ವಿದ್ಯಾರ್ಥಿಗೆ ಇದು ಗೊತ್ತಿರಬೇಕಾ? ಬೇಕಿಲ್ಲ. ಅವಳಿನ್ನೂ ಕಾರ್ಡಿಯಾಲಜಿ ಓದಿಲ್ಲ. ಗೊತ್ತಿಲ್ಲದಾಗ ಎಲ್ಲಿ ನೋಡಬೇಕು ಅನ್ನೋದು ಗೊತ್ತಿದ್ದರೆ ಸಾಕು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅಂತ ಇಬ್ಬರು ಸಂಶೋಧಕರು. ಅವರು 2017ರಲ್ಲಿ ಹೊರತಂದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಹತ್ತು ಇತಿಹಾಸಕಾರರು, ಹತ್ತು ಫ್ಯಾಕ್ಟ್ ಚೆಕರ್‌ಗಳು, ಇಪ್ಪತ್ತೈದು ವಿದ್ಯಾರ್ಥಿಗಳನ್ನು ಕೂರಿಸಿ ಎರಡು ವೆಬ್‌ಸೈಟ್ ತೋರಿಸಿದರು. ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನದು. ಇದು 1930ರಲ್ಲಿ ಹುಟ್ಟಿದ, ಹತ್ತಾರು ಸಾವಿರ ಮಕ್ಕಳ ವೈದ್ಯರಿರುವ ಸಂಘ. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್. ಮೊದಲನೆಯದರ ಜೊತೆ ಜಗಳ ಆಡಿ 2002ರಲ್ಲಿ ಹೊರಬಂದ ಸಣ್ಣ ಗುಂಪು. ಹೆಸರು ಕೇಳಿದರೆ ಎರಡೂ ಒಂದೇ ಥರ. ಎರಡೂ ಸೈಟು ನೀಟಾಗಿವೆ. ವಿದ್ಯಾರ್ಥಿಗಳು ಆ ಪುಟಗಳಲ್ಲೇ ಮುಳುಗಿದರು. ಲೋಗೋ ನೋಡಿದರು, ಬರಹದ ಕೆಳಗಿನ ಆಧಾರ ಪಟ್ಟಿ ನೋಡಿದರು. ಬಹಳ ಜನ ಆ ಸಣ್ಣ ಗುಂಪೇ ಹೆಚ್ಚು ನಂಬಿಕಸ್ಥ ಅಂದುಬಿಟ್ಟರು. ಇತಿಹಾಸಕಾರರಲ್ಲೂ ಎಷ್ಟೋ ಜನ ತಡಬಡಾಯಿಸಿದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಪುಟವನ್ನು ಅರೆಗಳಿಗೆ ನೋಡಿ, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ‘ಈ ಸಂಘ ಯಾರದು, ಬೇರೆಯವರು ಇದರ ಬಗ್ಗೆ ಏನನ್ನುತ್ತಾರೆ’ ಅಂತ ಹುಡುಕಿದರು. ಬೇಗನೆ ಬಂಡವಾಳ ಬಯಲಾಯಿತು.

ಇದು ನಮಗೆ ಹೊಸದೇನೂ ಅಲ್ಲ. ಹೆಣ್ಣು ಕೊಡುವಾಗ ಹುಡುಗ ಹೇಗೆ ಅಂತ ಹುಡುಗನ ಮನೆ ಸೋಫಾದ ಮೇಲೆ ಕೂತು ತಿಳಿಯೋಕೆ ಆಗುತ್ತಾ? ಉಪ್ಪಿಟ್ಟು ತಿಂದು, ಹೂಂ ಅಂದು, ಹೊರಗೆ ಬಂದು ಬೀದಿ ಕೊನೆಯ ಅಂಗಡಿಯವನನ್ನು ವಿಚಾರಿಸುತ್ತಾರೆ. ವೆಬ್‌ಸೈಟಿಗೂ ಅದೇ. ಕ್ಲಾಸಿನಲ್ಲಿ ಇದಕ್ಕೆ ‘ಅಂಗಡಿಯವನನ್ನು ಕೇಳು’ ಅಂತಲೇ ಹೆಸರಾಗಿದೆ. ಇಂಗ್ಲಿಷಿನ ಹೆಸರು ಯಾರಿಗೂ ನೆನಪಿರೋದಿಲ್ಲ.

ಜರ್ನಲ್‌ಗಳ ವಿಷಯದಲ್ಲೂ ಅಂಗಡಿಯವನು ಬೇಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಲೇಖನ 1998ರಲ್ಲಿ ಬಂದದ್ದು ವೈದ್ಯಲೋಕದ ಹೆಸರಾಂತ ಜರ್ನಲ್, ಸಾಕ್ಷಾತ್ ಲ್ಯಾನ್ಸೆಟ್‌ನಲ್ಲಿ, 12 ಮಕ್ಕಳನ್ನು ಇಟ್ಟುಕೊಂಡು. ಅದನ್ನು ವಾಪಸ್ ಪಡೆದದ್ದು 2010ರಲ್ಲಿ. ವಾಪಸ್ ಪಡೆದ ಸುದ್ದಿ ಎಷ್ಟು ಜನಕ್ಕೆ ತಲುಪಿತೋ ಏನೋ, ಲೇಖನದ ಮಾತು ಇವತ್ತಿಗೂ ಓಡಾಡುತ್ತಿದೆ. ಇನ್ನು ಎಐ ಚಾಟ್‌ಬಾಟ್‌ಗಳಂತೂ ಇಲ್ಲದ ಲೇಖನಕ್ಕೆ ಲೇಖಕರ ಹೆಸರು, ಜರ್ನಲ್, ಪುಟ ಸಂಖ್ಯೆ ಸಮೇತ ಜಾತಕ ಬರೆದುಕೊಡಬಲ್ಲವು. ವೈದ್ಯಕೀಯ ಲೇಖನಗಳ ಆನ್‌ಲೈನ್ ಪಟ್ಟಿಯಾದ ಪಬ್‌ಮೆಡ್‌ನಲ್ಲಿ ಪ್ರತಿ ಲೇಖನಕ್ಕೂ ಒಂದು ನಂಬರ್ ಇರುತ್ತದೆ. ಅದನ್ನು ಹಾಕಿ ನೋಡಿ ಅನ್ನುತ್ತೇನೆ. ಒಂದು ಸೆಮಿನಾರಿಗೆ ಕೊಟ್ಟ ಆಧಾರದ ನಂಬರ್ ಹಾಕಿದರೆ ತೆರೆದುಕೊಂಡದ್ದು ಹಸುವಿನ ಕೆಚ್ಚಲು ಬಾವಿನ ಲೇಖನ. ಇಡೀ ಕ್ಲಾಸು ನಕ್ಕಿತು. ಸೆಮಿನಾರ್ ಕೊಟ್ಟ ಹುಡುಗ ಆಮೇಲೆ ಯಾವತ್ತೂ ನಂಬರ್ ನೋಡದೆ ಬಂದಿಲ್ಲ.

ಎರಡನೇ ಪಾಠ ಲೆಕ್ಕದ್ದು. ಇದಕ್ಕೆ ಹಾಸನಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

2025ರ ಜೂನ್ ಕೊನೆ, ಜುಲೈ ಶುರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಾರ್ಟ್ ಅಟ್ಯಾಕ್‌ನಿಂದ ತೀರಿಕೊಂಡರು ಅಂತ ಸುದ್ದಿ. ಟಿವಿಯಲ್ಲಿ ದಿನಾ ಒಂದು ನಂಬರ್ ಏರುತ್ತಿತ್ತು. ಸಿಸಿಟಿವಿ ವಿಡಿಯೋಗಳು ಫೋನಿನಿಂದ ಫೋನಿಗೆ ಹಾರಿದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಕ್ಯೂ. ಏನೂ ತೊಂದರೆ ಇಲ್ಲದವರೂ ‘ಒಂದು ಇಸಿಜಿ ಮಾಡಿಸಿಬಿಡೋಣ’ ಅಂತ ಬಂದರು. ಕೋವಿಡ್ ಲಸಿಕೆಯೇ ಕಾರಣ ಇರಬಹುದಾ ಅನ್ನುವ ಮಾತು ಮುಖ್ಯಮಂತ್ರಿಗಳ ಪೋಸ್ಟ್‌ವರೆಗೂ ಹೋಯಿತು. ಮಾರನೇ ದಿನ ಕೇಂದ್ರ ಆರೋಗ್ಯ ಇಲಾಖೆ, ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳಲ್ಲಿ ಅಂಥ ನಂಟು ಕಂಡಿಲ್ಲ ಅಂತ ಹೇಳಿತು.

ಆ ವಾರ ನಮ್ಮ ವಿದ್ಯಾರ್ಥಿಗಳ ಫೋನುಗಳು ಹೇಗೆ ಬಡಿದುಕೊಂಡಿರಬೇಕು, ಯೋಚಿಸಿ. ಅಂಥ ಹೊತ್ತಿನಲ್ಲಿ ಏನು ಹೇಳಬೇಕು? ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತೇನೆ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ನಮ್ಮಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು ಆರೇಳು ಸಾವು. ಆರೂವರೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 11,500 ಆಯಿತು. ದಿನಕ್ಕೆ 30ರ ಮೇಲೆ. 40 ದಿನಕ್ಕೆ 1,200ಕ್ಕೂ ಜಾಸ್ತಿ. ದೇಶದಲ್ಲಿ ಆಗುವ ಸಾವುಗಳಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇಲ್ಲದಷ್ಟು ಹೃದಯ ಮತ್ತು ರಕ್ತನಾಳದ ಕಾಯಿಲೆಗಳದ್ದು. ಅಂದರೆ ಟಿವಿ ಇರಲಿ ಬಿಡಲಿ, ಲಸಿಕೆ ಇರಲಿ ಬಿಡಲಿ, ಯಾವ 40 ದಿನ ತಗೊಂಡರೂ ಆ ಜಿಲ್ಲೆಯಲ್ಲಿ ಸುಮಾರು 300 ಜನ ಈ ಕಾಯಿಲೆಗಳಿಂದ ಸಾಯುತ್ತಾರೆ ಅಂತ ಅಂದಾಜು.

ಇಲ್ಲಿಗೆ ಬಂದಾಗ ಕ್ಲಾಸು ತಣ್ಣಗಾಗುತ್ತದೆ. ಯಾರೋ ಒಬ್ಬರು ‘ಹಾಗಾದ್ರೆ ಸುಳ್ಳು ಸುದ್ದಿ ಸಾರ್’ ಅನ್ನುತ್ತಾರೆ. ಅಲ್ಲ. ಇಲ್ಲೇ ನಿಲ್ಲಬೇಕು. ಸುದ್ದಿಯಲ್ಲಿದ್ದ ಸಾವುಗಳಲ್ಲಿ ಹಲವು ಚಿಕ್ಕ ವಯಸ್ಸಿನವು. ನಮ್ಮ 300ರಲ್ಲಿ ಹೆಚ್ಚಿನವರು ವಯಸ್ಸಾದವರು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ನಲವತ್ತೈದರ ಕೆಳಗಿನವರ ಸಾವು ಹಿಂದಿನ ವರ್ಷಗಳಿಗಿಂತ ಹೆಚ್ಚಾಗಿದೆಯಾ? ಅದಕ್ಕೆ ಹಳೆಯ ಲೆಕ್ಕ ಬೇಕು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಮಾಡಿದ್ದೂ ಸುಮಾರಾಗಿ ಇದನ್ನೇ. ಸುದ್ದಿಯಾದ 24 ಸಾವುಗಳನ್ನು ಒಂದೊಂದಾಗಿ ನೋಡಿದಾಗ 20 ಮಾತ್ರ ಹೃದಯಕ್ಕೆ ಸಂಬಂಧಪಟ್ಟವು. ಉಳಿದ ನಾಲ್ಕಕ್ಕೆ ಬೇರೆ ಕಾರಣ. ಇದ್ದಕ್ಕಿದ್ದಂತೆ ಏರಿಕೆ ಆಗಿದೆ ಅನ್ನೋಕೆ ಆಧಾರ ಸಿಗಲಿಲ್ಲ. ಬಿಪಿ, ಶುಗರ್, ಸಿಗರೇಟು, ಬೊಜ್ಜು, ಮನೆತನದ ಇತಿಹಾಸ, ಈ ಹಳೇ ಶತ್ರುಗಳೇ ಕಂಡವು.

‘ಎಲ್ಲಾ ಸುಳ್ಳು’ ಅನ್ನೋದು ಮತ್ತು ‘ಅಯ್ಯೋ ನಿಜ’ ಅನ್ನೋದು ಎರಡೂ ಸುಲಭ. ‘ಎಷ್ಟರಲ್ಲಿ ಎಷ್ಟು?’ ಅಂತ ಕೇಳೋದು ಕಷ್ಟ. ಅದು ಬಂದುಬಿಟ್ಟರೆ ಹುಡುಗರು ಅರ್ಧ ಗೆದ್ದ ಹಾಗೆ.

ಇಷ್ಟು ಹೊತ್ತು ಹೊರಗಿನಿಂದ ಬರುವ ಮಾತಿನದ್ದಾಯಿತು. ನಮ್ಮ ಕೈಯಿಂದ ಹೊರಗೆ ಹೋಗುವುದರ ಕಥೆ ಇನ್ನೂ ಸೂಕ್ಷ್ಮ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಶುಗರ್ ಕಾಯಿಲೆಯ ಒಬ್ಬರ ಕಾಲಿನ ಹುಣ್ಣಿನ ಫೋಟೋ ಯೂನಿಟ್ ಗ್ರೂಪಿಗೆ ಕಳಿಸಲು ಹೋಗಿ ಮನೆಯವರ ಗ್ರೂಪಿಗೆ ಹಾಕಿದೆ. ಮೇಲೆ ಕೆಳಗೆ ಇದ್ದ ಎರಡು ಗ್ರೂಪು, ಬೆರಳು ಜಾರಿತು. ಗೊತ್ತಾದ ಕೂಡಲೇ ಅಳಿಸಿದೆ. ಅಷ್ಟರಲ್ಲಿ ನಮ್ಮತ್ತೆಯವರ ಫೋನ್ ಬಂತು: ‘ಅದ್ಯಾರ ಕಾಲು? ಬೆಳಿಗ್ಗೆ ಬೆಳಿಗ್ಗೆ ಹೀಗೆಲ್ಲ ತೋರಿಸಬೇಡಿ ಮಾರಾಯ್ರೆ.’ ಮನೆಯಲ್ಲಿ ಅದು ನಗೆಯಾಯಿತು. ನನಗೆ ಮಾತ್ರ ಆ ರೋಗಿಯ ಮುಖ ನೋಡೋಕೆ ಎರಡು ದಿನ ಮುಜುಗರ. ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಎಕ್ಸ್‌ರೇ ಫೋಟೋವನ್ನು ಹತ್ತಿರದಿಂದ ನೋಡೋಣ. ಹೌಸ್ ಸರ್ಜನ್ ಒಬ್ಬ ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೋ ಹೊಡೆಯುತ್ತಾನೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು, ವಯಸ್ಸು, ಆಸ್ಪತ್ರೆ ನಂಬರ್, ತಾರೀಕು. ಅದನ್ನು ಕ್ರಾಪ್ ಮಾಡಿ ಪವರ್‌ಪಾಯಿಂಟ್‌ಗೆ ಹಾಕುತ್ತಾನೆ ಅಂದುಕೊಳ್ಳಿ. ಪವರ್‌ಪಾಯಿಂಟ್ ಒಳಗೇ ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಹೋಗೋದಿಲ್ಲ, ಅಡಗಿರುತ್ತದೆ. ಫೈಲು ಸಿಕ್ಕವರು ರೀಸೆಟ್ ಒತ್ತಿದರೆ ಹೆಸರು ವಾಪಸ್. ಫೋನಿನ ಕ್ಯಾಮೆರಾ ಫೋಟೋದ ಜೊತೆ ತೆಗೆದ ಹೊತ್ತು, ಲೊಕೇಶನ್ ಆನ್ ಇದ್ದರೆ ಜಾಗವನ್ನೂ ಬರೆದಿಟ್ಟುಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಹೆಚ್ಚುಕಮ್ಮಿ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಜೊತೆಗೆ ಹೋಗುತ್ತದೆ. ಇನ್ನು ಆ ಫೋಟೋ ಅವನ ಗ್ಯಾಲರಿಯಲ್ಲೂ ಇದೆ, ಬ್ಯಾಕಪ್ಪಿನಲ್ಲೂ ಇದೆ, ಗ್ರೂಪಿನ ಹದಿನೆಂಟು ಜನರ ಗ್ಯಾಲರಿಯಲ್ಲೂ ಇದೆ. ಊರಿಗೆ ಹೋದಾಗ ತಂಗಿ ಮದುವೆ ಫೋಟೋ ಹುಡುಕುವಾಗ ಮಧ್ಯೆ ಯಾರದೋ ಮುರಿದ ಮೂಳೆ!

ಹೆಸರು ತೆಗೆದರೆ ಸಾಕು ಅನ್ನೋದು ದೊಡ್ಡ ಭ್ರಮೆ. ‘ಶಿರಸಿ ತಾಲೂಕಿನ 45 ವರ್ಷದ ಕೊನೆಗೌಡ (ಅಡಿಕೆ ಕೊನೆ ಕೊಯ್ಯುವವ), ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಪೆಟ್ಟು’ ಅಂತ ಬರೆಯಿರಿ. ಹೆಸರಿಲ್ಲ, ಮುಖವಿಲ್ಲ. ಆದರೆ ಆ ವಾರ ಆ ತಾಲೂಕಿನಲ್ಲಿ ಮರದಿಂದ ಬಿದ್ದವರು ಎಷ್ಟು ಜನ? ಊರಿನವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದ ಹಳೇ ಪುಸ್ತಕದ ಚಿತ್ರಗಳೂ ಅಷ್ಟೇ. ಹಚ್ಚೆ, ಮೂಗುತಿ, ಕೈಯ ಗಾಯದ ಕಲೆ, ಹಾಸಿಗೆ ಹಿಂದೆ ಕಾಣುವ ವಾರ್ಡಿನ ಬೋರ್ಡು, ಯಾವುದು ಬೇಕಾದರೂ ಗುರುತು ಹೇಳುತ್ತದೆ. ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದಿದೆ: ಗುರುತು ಸಿಗುವ ಹಾಗೆ ರೋಗಿಯ ಫೋಟೋ ಅಥವಾ ಕೇಸಿನ ವಿವರ ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು. ಆಗ ಇನ್‌ಸ್ಟಾಗ್ರಾಂ ಹುಟ್ಟಿರಲಿಲ್ಲ, ಮಾತು ಮಾತ್ರ ಇವತ್ತಿಗೂ ಸರಿಯಾಗಿ ಕೂರುತ್ತದೆ.

ಒಪ್ಪಿಗೆ ಅಂದರೆ ಏನು ಅನ್ನೋದನ್ನೂ ಮಾಡಿ ತೋರಿಸಬೇಕು. ‘ಅಜ್ಜಿ, ಒಂದು ಫೋಟೋ ತೆಗೀಲಾ?’ ಅಂದರೆ ಅಜ್ಜಿ ಹೂಂ ಅನ್ನುತ್ತಾರೆ. ಬಿಳಿ ಕೋಟು ಹಾಕಿದವರಿಗೆ ಊಹೂಂ ಅನ್ನೋ ಧೈರ್ಯ ಎಷ್ಟು ಜನಕ್ಕಿದೆ? ಅದು ಒಪ್ಪಿಗೆಯಲ್ಲ. ‘ಈ ಫೋಟೋ ಪಾಠಕ್ಕೆ ಬಳಸುತ್ತೇವೆ, ಇಂಥವರು ನೋಡುತ್ತಾರೆ, ಬೇಡ ಅಂದರೂ ನಿಮ್ಮ ಚಿಕಿತ್ಸೆ ಹೀಗೇ ನಡೆಯುತ್ತೆ’ ಅಂತ ಹೇಳಿ ಕೇಳಬೇಕು. ವಿದ್ಯಾರ್ಥಿಗಳಿಂದ ಇದನ್ನು ನಾಟಕ ಮಾಡಿಸುತ್ತೇನೆ, ಅಜ್ಜಿ ಪಾತ್ರವೂ ಅವರದ್ದೇ. ಅಜ್ಜಿಯಾದವರು ಸಾಮಾನ್ಯವಾಗಿ ‘ಬೇಡ’ ಅನ್ನುತ್ತಾರೆ. ಪಾತ್ರ ಬದಲಾದಾಗ ಬುದ್ಧಿಯೂ ಬದಲಾಗುತ್ತದೆ.

ಇಷ್ಟೆಲ್ಲ ಕೇಳಿ ‘ಹಾಗಾದ್ರೆ ವಾರ್ಡಿನಲ್ಲಿ ಫೋನೇ ಬೇಡ’ ಅನ್ನುವವರಿದ್ದಾರೆ. ನಾನು ಒಪ್ಪೋದಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿನ ಡಾಕ್ಟರನ್ನು ವಾಟ್ಸಾಪ್ ಗ್ರೂಪಿನಲ್ಲಿ ಸೇರಿಸಿಕೊಂಡರು. ಕರಾವಳಿ, ಮಲೆನಾಡಿನ ಯಾವುದೋ ಮೂಲೆಯಿಂದ ಇಸಿಜಿ ಫೋಟೋ ಬರುತ್ತದೆ. ತಜ್ಞರು ನೋಡಿ ‘ಇದು ಹಾರ್ಟ್ ಅಟ್ಯಾಕ್, ಈಗಲೇ ಕಳಿಸಿ’ ಅನ್ನುತ್ತಾರೆ. ಅದೇ ಫೋನು, ಅದೇ ಆ್ಯಪು. ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಜೀವವೂ ಇದೇ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ, ಬೇಕಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ತಾಲೂಕಿನಲ್ಲೇ ಉಚಿತವಾಗಿ ಸಿಗುತ್ತದೆ. ನಾಳೆ ಆ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡೋದು ನಮ್ಮ ಇವತ್ತಿನ ವಿದ್ಯಾರ್ಥಿಯೇ. ಇಸಿಜಿ ಮಸುಕಾಗದ ಹಾಗೆ ಫೋಟೋ ತೆಗೆಯೋದು, ಹೆಸರು ಮುಚ್ಚಿ ವಯಸ್ಸು, ನೋವು ಶುರುವಾದ ಹೊತ್ತು, ಬಿಪಿ ಬರೆಯೋದು, ಇದನ್ನೂ ಕಲಿಸಬೇಕಲ್ವಾ?

ಸದ್ಯಕ್ಕೆ ನಾವು ಕಲಿಸೋದಕ್ಕಿಂತ ಶಿಕ್ಷಿಸೋದು ಜಾಸ್ತಿ. 2024ರ ಫೆಬ್ರವರಿ ನೆನಪಿದೆಯಾ? ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಗುತ್ತಿಗೆ ವೈದ್ಯರೊಬ್ಬರು ಪ್ರೀ ವೆಡ್ಡಿಂಗ್ ಶೂಟ್ ಮಾಡಿಸಿಕೊಂಡು ಕೆಲಸ ಕಳೆದುಕೊಂಡರು. ಅದೇ ತಿಂಗಳು ಗದಗದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ರೀಲ್ಸ್ ಮಾಡಿದ 38 ವಿದ್ಯಾರ್ಥಿಗಳಿಗೆ ಹತ್ತು ದಿನದ ಶಿಕ್ಷೆ. ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ 38 ಜನಕ್ಕೆ ಒಟ್ಟಿಗೆ ಇದು ತಪ್ಪು ಅಂತ ಹೊಳೆಯಲಿಲ್ಲ ಅಂದರೆ ಅದು 38 ಜನರ ತಪ್ಪು ಮಾತ್ರಾನಾ? ಅವರಿಗೆ ಯಾರಾದರೂ ಮೊದಲು ಕೂರಿಸಿ ಹೇಳಿದ್ದರಾ?

ನಿಯಮಗಳೂ ಅರ್ಧ ದಾರಿಯಲ್ಲಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಡತೆ ನಿಯಮ ತಂದಿತು. ಸೋಷಿಯಲ್ ಮೀಡಿಯಾಕ್ಕೆ ಅಂತಲೇ ಅದರಲ್ಲಿ ಒಂದು ಭಾಗ ಇತ್ತು. ಲೈಕ್, ಫಾಲೋವರ್ಸ್ ದುಡ್ಡು ಕೊಟ್ಟು ಕೊಳ್ಳಬೇಡಿ. ರೋಗಿಗಳ ಫೋಟೋ, ಸ್ಕ್ಯಾನ್ ಹಾಕಬೇಡಿ. ಎಲ್ಲರೂ ನೋಡುವ ಜಾಗದಲ್ಲಿ ಚಿಕಿತ್ಸೆ ಹೇಳಬೇಡಿ, ಕೇಳಿದವರನ್ನು ಟೆಲಿಮೆಡಿಸಿನ್‌ಗೋ ಆಸ್ಪತ್ರೆಗೋ ಕರೆಯಿರಿ. ಬೇರೆ ವಿಷಯಗಳಿಗೆ, ಮುಖ್ಯವಾಗಿ ಜೆನೆರಿಕ್ ಔಷಧಿಯ ವಿಚಾರಕ್ಕೆ ಗಲಾಟೆಯಾಗಿ, ಮೂರೇ ವಾರದಲ್ಲಿ ಇಡೀ ನಿಯಮವನ್ನೇ ತಡೆಹಿಡಿದರು. ಜನ ಗೊಣಗಿದ್ದು ಒಂದಕ್ಕೆ, ಮಲಗಿದ್ದು ಎಲ್ಲವೂ.

ಒಂದು ನಿಯಮ ಮಾತ್ರ ಸ್ಪಷ್ಟ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಫೋನ್, ವಿಡಿಯೋ, ವಾಟ್ಸಾಪ್ ಮೂಲಕ ಚಿಕಿತ್ಸೆಗೆ ಒಪ್ಪುತ್ತದೆ, ಆದರೆ ರಿಜಿಸ್ಟರ್ ಆದ ವೈದ್ಯರಿಗೆ ಮಾತ್ರ. ವಿದ್ಯಾರ್ಥಿ ಆ ಪಟ್ಟಿಯಲ್ಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಸ್ಟೆತಾಸ್ಕೋಪ್ ಹಾಕಿದ ಫೋಟೋ ನೋಡಿ ‘ಸಾರ್, ಪಿಂಪಲ್‌ಗೆ ಯಾವ ಕ್ರೀಂ?’ ಅಂತ ಕೇಳಿದರೆ, ಹೆಸರು ಹೇಳೋದು ಎಷ್ಟೇ ಸುಲಭವಾಗಿದ್ದರೂ, ಅವನು ಹೇಳಬಾರದು.

ನಿಯಮ ಅಂದಾಗ ಹಿರಿಯರ ಕಣ್ಣು ಎಲ್ಲೆಲ್ಲೋ ಹೋಗುವ ಅಪಾಯವೂ ಇದೆ. 2020ರಲ್ಲಿ ಅಮೆರಿಕದ ರಕ್ತನಾಳ ಸರ್ಜನ್‌ಗಳ ಜರ್ನಲೊಂದರಲ್ಲಿ ಒಂದು ಅಧ್ಯಯನ ಬಂತು. ಸಂಶೋಧಕರು ನಕಲಿ ಖಾತೆ ತೆರೆದು ಎಳೆ ಸರ್ಜನ್‌ಗಳ ಸೋಷಿಯಲ್ ಮೀಡಿಯಾ ಜಾಲಾಡಿ, ವೃತ್ತಿಗೆ ತಕ್ಕುದಲ್ಲದ್ದು ಯಾವುದು ಅಂತ ಪಟ್ಟಿ ಮಾಡಿದ್ದರು. ಬಿಕಿನಿ ಹಾಕಿದ ಫೋಟೋ ಕೂಡ ಆ ಪಟ್ಟಿಯಲ್ಲಿ. ಲೋಕದ ಮಹಿಳಾ ವೈದ್ಯರೆಲ್ಲ ರೊಚ್ಚಿಗೆದ್ದರು. ಮೆಡ್‌ಬಿಕಿನಿ ಅಂತ ಹ್ಯಾಶ್‌ಟ್ಯಾಗ್ ಹಾಕಿ ಸಮುದ್ರ ದಂಡೆಯ ಫೋಟೋಗಳನ್ನೇ ಹಾಕಿದರು. ಜರ್ನಲ್ ಕ್ಷಮೆ ಕೇಳಿ ಲೇಖನ ವಾಪಸ್ ತಗೊಂಡಿತು. ರಜೆಯಲ್ಲಿ ಏನು ಹಾಕಿಕೊಂಡಳು ಅನ್ನೋದು ರೋಗಿಗೆ ಸಂಬಂಧವಿಲ್ಲ. ರೋಗಿಯ ಗುಟ್ಟು, ರೋಗಿಯ ನಂಬಿಕೆ, ಹೇಳಿದ ಮಾತಿನ ಸತ್ಯ, ಇವು ಸಂಬಂಧ. ನಮ್ಮ ಕಾಲೇಜುಗಳಲ್ಲಿ ಈ ಎರಡನ್ನೂ ಕಲಸಿಬಿಡುವವರು ಕಡಿಮೆ ಇಲ್ಲ, ಅದರಲ್ಲೂ ಹುಡುಗಿಯರ ವಿಷಯ ಬಂದಾಗ.

ಉದ್ದುದ್ದ ಸುತ್ತೋಲೆ ಬೇಡ ಅನ್ನುವವರಿಗೆ ಅಮೆರಿಕದ ಮೇಯೋ ಕ್ಲಿನಿಕ್‌ನ ಹೃದ್ರೋಗ ತಜ್ಞ ಫ್ಯಾರಿಸ್ ಟಿಮಿಮಿ ಹನ್ನೆರಡೇ ಇಂಗ್ಲಿಷ್ ಪದಗಳ ನಿಯಮ ಕೊಟ್ಟಿದ್ದಾರೆ. ಕನ್ನಡದಲ್ಲಿ ಹೇಳಿದರೆ ಹೀಗೆ: ಸುಳ್ಳು ಹೇಳಬೇಡ, ಇಣುಕಬೇಡ, ಮೋಸ ಮಾಡಬೇಡ, ಅಳಿಸೋಕಾಗದು, ಕದಿಯಬೇಡ, ಗುಟ್ಟು ಬಯಲು ಮಾಡಬೇಡ. ಕೇಳಿದ ತಕ್ಷಣ ನಮಗೆ ಯಾವ ವಚನ ನೆನಪಾಗುತ್ತೆ ಅಂತ ಹೇಳಬೇಕಿಲ್ಲ. ‘ಅಳಿಸೋಕಾಗದು’ ಒಂದೇ ಹೊಸದು.

ಕೊನೆಯ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಜನರಿಗೆ ಅರ್ಥವಾಗೋ ಹಾಗೆ ಅರವತ್ತು ಸೆಕೆಂಡಿನಲ್ಲಿ ಒಂದು ಮಾತು ಹೇಳೋದು. ವಿಷಯ ಕೊಡುತ್ತೇನೆ: ‘ಗ್ಯಾಸ್ಟ್ರಿಕ್ಕಾ, ಹಾರ್ಟಾ?’ ಕರ್ನಾಟಕದಲ್ಲಿ ಎದೆಯಲ್ಲಿ ಏನಾದರೂ ಮೊದಲು ಹೇಳೋದು ಗ್ಯಾಸ್ಟ್ರಿಕ್ ಅಂತಲೇ. ಒಂದು ಸೋಡಾ, ಒಂದು ಇನೋ, ಸ್ವಲ್ಪ ಅಡ್ಡಾಡೋದು. ಆ ಹೊತ್ತಿನಲ್ಲೇ ಎಷ್ಟೋ ಜೀವ ಹೋಗಿವೆ.

ಮೊದಲ ಸಲ ಬರೆದಾಗ ಸ್ಕ್ರಿಪ್ಟ್ ಹೀಗಿರುತ್ತದೆ: ‘ಹೃದಯ ಸ್ನಾಯುವಿಗೆ ರಕ್ತಪೂರೈಕೆ ಕುಂಠಿತಗೊಂಡಾಗ...’ ನಿಲ್ಲಿಸಿ, ಇದನ್ನು ನಿಮ್ಮ ಓಣಿಯ ತರಕಾರಿ ಅಮ್ಮನಿಗೆ ಹೇಳಿ ಅನ್ನುತ್ತೇನೆ. ಎರಡನೇ ಸಲ: ‘ಎದೆ ಮೇಲೆ ಯಾರೋ ಕೂತ ಹಾಗೆ ಭಾರ. ಎಡಗೈಗೋ ದವಡೆಗೋ ಎಳೆಯೋ ನೋವು. ಸುಮ್ನೆ ಕೂತಿದ್ರೂ ಬೆವರು. ಗ್ಯಾಸ್ಟ್ರಿಕ್ ಅಂತ ಕಾಯಬೇಡಿ, ಇಸಿಜಿ ಮಾಡಿಸಿ.’ ಶುಗರ್ ಇರುವವರಿಗೆ, ಹೆಂಗಸರಿಗೆ ಒಮ್ಮೊಮ್ಮೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರು ಕಟ್ಟೋದು ಇರುತ್ತೆ ಅನ್ನೋ ಮಾತು ಸೇರಿಸಿದರೆ ಇನ್ನೂ ಒಳ್ಳೇದು. ವಿಡಿಯೋದಲ್ಲಿ ಮೊದಲು ನಿಜ ಹೇಳಬೇಕು, ಸುಳ್ಳನ್ನು ಒಂದೇ ಸಲ, ಸಣ್ಣದಾಗಿ. ‘ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತಾ?’ ಅಂತ ದಪ್ಪ ಅಕ್ಷರದಲ್ಲಿ ಹಾಕಿದರೆ ಅರ್ಧ ಜನ ಅದನ್ನೇ ಓದಿ ಮುಂದೆ ಹೋಗುತ್ತಾರೆ, ಕೆಮ್ಮು ಮಾತ್ರ ನೆನಪಿರುತ್ತದೆ. ದೊಡ್ಡವರನ್ನು ಎಲ್ಲರೆದುರು ಗೇಲಿ ಮಾಡಲೂಬಾರದು. ಗ್ರೂಪಿನಲ್ಲಿ ಮುಖಭಂಗ ಆದವರು ಇನ್ನೊಮ್ಮೆ ಕೇಳೋದಿಲ್ಲ, ಕೇಳದೆ ಫಾರ್ವರ್ಡ್ ಮಾಡುತ್ತಾರೆ.

ಪುಟ್ಟಿ ಹಾಗೆ ಮಾಡಲಿಲ್ಲ. ನಲವತ್ತು ಸೆಕೆಂಡಿನ ಒಂದು ವಾಯ್ಸ್ ಮೆಸೇಜು ಹಾಕಿದಳು. ‘ದೊಡ್ಡಮ್ಮ, ಮೊನ್ನೆ ನಾನು ಓದದೇ ಹೆಬ್ಬೆರಳು ಒತ್ತಿದ್ದೆ, ತಪ್ಪು ನನ್ನದೇ. ಎದೆ ನೋವು ಬಂದ್ರೆ ಮೊದಲು 108. ಕೆಮ್ತಾ ಕೂರಬೇಡಿ. ನಾನಿನ್ನೂ ಡಾಕ್ಟರಲ್ಲ, ನಮ್ಮ ಸಾರ್ ಹತ್ರ ಕೇಳ್ಕೊಂಡೇ ಹೇಳ್ತಾ ಇದೀನಿ.’

ಹತ್ತು ನಿಮಿಷ ಬಿಟ್ಟು ದೊಡ್ಡಮ್ಮನ ಉತ್ತರ: ‘ಸರಿ ಪುಟ್ಟಿ. ಆದ್ರೆ ನಿಮ್ ದೊಡ್ಡಪ್ಪಂಗೆ ನಿನ್ನೆಯಿಂದ ಗ್ಯಾಸ್ಟ್ರಿಕ್ಕು, ಎಡಗೈ ಬೇರೆ ಜೋಮು ಅಂತಾರೆ. ಏನ್ ಮಾತ್ರೆ ಕೊಡ್ಲಿ?’

ಅವಳು ಟೈಪ್ ಮಾಡಲಿಲ್ಲ. ಫೋನ್ ಮಾಡಿ, ದೊಡ್ಡಪ್ಪ ಬೇಡ ಬೇಡ ಅಂದರೂ ಅವತ್ತೇ ಆಸ್ಪತ್ರೆಗೆ ಕಳಿಸಿದಳು. ಇಸಿಜಿ, ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್. ನಿಜವಾಗಿಯೂ ಗ್ಯಾಸ್ಟ್ರಿಕ್ಕೇ. ಸುಮ್ನೆ ದುಡ್ಡು ದಂಡ ಮಾಡಿಸಿದಳು ಅಂತ ದೊಡ್ಡಪ್ಪ ಈಗಲೂ ಹಬ್ಬಕ್ಕೆ ಸೇರಿದಾಗಲೆಲ್ಲ ರೇಗಿಸುತ್ತಾರಂತೆ.